ಓದುಗರ ಪ್ರಶ್ನೋತ್ತರ: ಮಹಡಿಯ ಕೋಣೆಯಲ್ಲಿ 1966ರ ಸದ್ದು

ಪ್ರಶ್ನೆ: ನಾವು ಮೂವರು ಗೆಳೆಯರು ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಸಣ್ಣದೊಂದು ಸ್ಟುಡಿಯೋ ಮಾಡಿಕೊಂಡಿದ್ದೇವೆ. ಲ್ಯಾಪ್‌ಟಾಪ್, ಎರಡು ಚಾನೆಲ್‌ಗಳ ಆಡಿಯೋ ಇಂಟರ್‌ಫೇಸ್, ಒಂದು ಕಂಡೆನ್ಸರ್ ಮೈಕ್, ಒಂದು ಡೈನಾಮಿಕ್ ಮೈಕ್, ಡ್ರಮ್ ಸೆಟ್, ಬೇಸ್ ಗಿಟಾರ್ ಮತ್ತು ಅಜ್ಜಿ ನುಡಿಸುತ್ತಿದ್ದ ತಂಬೂರಿ ನಮ್ಮಲ್ಲಿವೆ. ಬೀಟಲ್ಸ್ ತಂಡದ ‘ಟುಮಾರೋ ನೆವರ್ ನೋಸ್’ ಹಾಡನ್ನು ಮೂಲ ಧ್ವನಿಮುದ್ರಣದ ಹಾಗೆಯೇ ಮತ್ತೆ ಕಟ್ಟಬೇಕೆಂಬುದು ನಮ್ಮ ಆಸೆ. ಆ ಕಾಲದ ಉಪಕರಣಗಳನ್ನು ಅನುಕರಿಸುವ ಪ್ಲಗ್‌ಇನ್‌ಗಳನ್ನೆಲ್ಲ (ಮುದ್ರಣದ ಸಾಫ್ಟ್‌ವೇರಿಗೆ ಸೇರಿಸುವ ಪೂರಕ ತಂತ್ರಾಂಶಗಳು) ಹಾಕಿ ನೋಡಿದೆವು. ಆದರೂ ನಮ್ಮದು ತೆಳುವಾಗಿ, ಸಪ್ಪೆಯಾಗಿ ಕೇಳುತ್ತದೆ. ಎಲ್ಲಿಂದ ಆರಂಭಿಸಬೇಕು?
— ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ನಿಮ್ಮ ಸಲಕರಣೆಗಳು ಈ ಕೆಲಸಕ್ಕೆ ಧಾರಾಳವಾಗಿ ಸಾಲುತ್ತವೆ. ಬದಲಾಗಬೇಕಾದದ್ದು ಕೆಲಸದ ಕ್ರಮ ಎಂದು ನನಗೆ ತೋರುತ್ತದೆ. ಈ ಹಾಡಿನ ಮುದ್ರಣ ಲಂಡನ್ನಿನ ಅಬಿ ರೋಡ್‌ನಲ್ಲಿದ್ದ, ಇಎಂಐ ಎಂಬ ಧ್ವನಿಮುದ್ರಣ ಸಂಸ್ಥೆಯ ಸ್ಟುಡಿಯೋದಲ್ಲಿ 1966ರ ಏಪ್ರಿಲ್ 6ರಂದು ಶುರುವಾಯಿತು. ‘ರಿವಾಲ್ವರ್’ ಆಲ್ಬಮ್ಮಿಗಾಗಿ ಮೊದಲು ಕೈಗೆತ್ತಿಕೊಂಡ ಹಾಡು ಇದು. ಆಲ್ಬಮ್ ಅದೇ ವರ್ಷದ ಆಗಸ್ಟ್ 5ರಂದು ಹೊರಬಂದಾಗ ಕೊನೆಯ ಹಾಡಾಗಿ ಸೇರಿತ್ತು. ನಿರ್ಮಾಪಕರು ಜಾರ್ಜ್ ಮಾರ್ಟಿನ್. ಧ್ವನಿ ಎಂಜಿನಿಯರ್ ಜೆಫ್ ಎಮೆರಿಕ್ ಅವರಿಗೆ ಆಗ 20 ವರ್ಷ. ಅವರೆದುರು ಇದ್ದ ಟೇಪ್ ಯಂತ್ರಕ್ಕೆ ನಾಲ್ಕೇ ಟ್ರ್ಯಾಕ್‌ಗಳಿದ್ದುದರಿಂದ, ಡ್ರಮ್ಮಿನ ಸದ್ದನ್ನು ಎಷ್ಟು ಹಿಂಡಬೇಕು (ಅಂದರೆ ಅದರ ಗಟ್ಟಿ ಮೆಲುಗಳ ಅಂತರವನ್ನು ಎಷ್ಟು ತಗ್ಗಿಸಬೇಕು), ಯಾವ ವಾದ್ಯವನ್ನು ಯಾವುದರ ಜೊತೆ ಒಂದೇ ಟ್ರ್ಯಾಕಿಗೆ ಸೇರಿಸಬೇಕು ಎಂಬುದನ್ನೆಲ್ಲ ಮುದ್ರಿಸುವ ಹೊತ್ತಿಗೇ ತೀರ್ಮಾನಿಸಬೇಕಿತ್ತು, ಮತ್ತು ಒಮ್ಮೆ ಟೇಪಿಗೆ ಇಳಿದದ್ದನ್ನು ಬಿಡಿಸಿ ತೆಗೆಯಲು ದಾರಿಯಿರಲಿಲ್ಲ. ನೀವು ಬಹುಶಃ ಮೊದಲು ಎಲ್ಲವನ್ನೂ ಶುದ್ಧವಾಗಿ, ಬೇರೆ ಬೇರೆಯಾಗಿ ಮುದ್ರಿಸಿಕೊಂಡು, ಬಣ್ಣ ಹಚ್ಚುವ ಕೆಲಸವನ್ನು ಕೊನೆಗೆ ಪ್ಲಗ್‌ಇನ್‌ಗಳಿಗೆ ಒಪ್ಪಿಸುತ್ತಿದ್ದೀರಿ. ಡ್ರಮ್ ನುಡಿಸುವವರು ತಮ್ಮ ಕಿವಿಯಲ್ಲಿ ಹಿಂಡಿದ ಸದ್ದನ್ನು ಕೇಳುತ್ತ ನುಡಿಸಿದರೆ ಅವರ ಕೈಯೇ ಬೇರೆಯಾಗುತ್ತದೆ. ಸಪ್ಪೆ ಸದ್ದಿಗೆ ನುಡಿಸಿದ್ದನ್ನು ಆಮೇಲೆ ಹಿಂಡಿದರೆ ಆ ಒತ್ತಡ ಬರುವುದಿಲ್ಲ.

ಆದ್ದರಿಂದ ಸಾಫ್ಟ್‌ವೇರಿನಲ್ಲಿ ನಾಲ್ಕು ಟ್ರ್ಯಾಕ್‌ಗಳನ್ನು ಮಾತ್ರ ತೆರೆಯಿರಿ. ಐದನೆಯದು ಬೇಕಾದಾಗ ಇರುವ ಎರಡನ್ನು ಒಂದಾಗಿಸಿ, ಹಳೆಯದನ್ನು ಅಳಿಸಿಬಿಡಿ. ಅಳಿಸಲು ಮನಸ್ಸು ಬಾರದಿದ್ದರೆ ಬೇರೊಂದು ಪೆನ್‌ಡ್ರೈವಿಗೆ ಹಾಕಿ ಗೆಳೆಯರೊಬ್ಬರ ಮನೆಯಲ್ಲಿ ಇಡಿ.

ಮೊದಲು ಶ್ರುತಿಯನ್ನು ನಿಲ್ಲಿಸಿಕೊಳ್ಳಿ. ಈ ಹಾಡು ಬಹುಪಾಲು ಒಂದೇ ಷಡ್ಜದ ಮೇಲೆ, ನಮ್ಮ ಲೆಕ್ಕದಲ್ಲಿ ಒಂದು ಮನೆ ಶ್ರುತಿಯಲ್ಲಿ (ಪಾಶ್ಚಾತ್ಯರ ‘ಸಿ’) ನಿಂತಿದೆ. ನಡುನಡುವೆ ಕೈಶಿಕಿ ನಿಷಾದದ (ಎರಡು ನಿಷಾದಗಳಲ್ಲಿ ಕೆಳಗಿನದು) ಕಡೆಗೆ ವಾಲಿ ಮತ್ತೆ ಷಡ್ಜಕ್ಕೆ ಬರುವುದೇ ಅದರ ಚಲನೆ. ತಂಡದ ಜಾರ್ಜ್ ಹ್ಯಾರಿಸನ್ ನುಡಿಸಿದ ತಂಬೂರಿ ಅದಕ್ಕೆ ತಳಹದಿ. ಅಜ್ಜಿಯ ತಂಬೂರಿ ಹೆಣ್ಣುದನಿಗೆ ಹೊಂದಿಸಿದ್ದಾದರೆ ಐದು ಮನೆಯ (‘ಜಿ’) ಆಸುಪಾಸಿನಲ್ಲಿ ಇರುತ್ತದೆ. ಅದನ್ನು ಒಂದು ಮನೆಗೆ ಇಳಿಸಿದರೆ ತಂತಿಗಳು ಜೋತುಬೀಳುತ್ತವೆ, ಮೇಲಿನ ಒಂದು ಮನೆಗೆ ಏರಿಸಿದರೆ ಹರಿದುಹೋಗುತ್ತವೆ. ಎರಡನ್ನೂ ಮಾಡಬೇಡಿ. ಐದು ಮನೆಯಲ್ಲೇ ಚೆನ್ನಾಗಿ ಶ್ರುತಿ ಮಾಡಿ, ಕುದುರೆಯ ಮೇಲಿನ ಜೀವಾಳದ ದಾರವನ್ನು ನಾದ ಪೂರ್ತಿ ಅರಳುವ ಜಾಗಕ್ಕೆ ಸರಿಸಿ, ಎರಡು ನಿಮಿಷಕ್ಕೆ ತುಸು ಹೆಚ್ಚು ಮುದ್ರಿಸಿಕೊಳ್ಳಿ. ಅನಂತರ ಆ ಮುದ್ರಣವನ್ನು ಮೂರರಲ್ಲಿ ಎರಡು ಪಾಲು ವೇಗಕ್ಕೆ ಇಳಿಸಿ. ಏಳು ಅರ್ಧಸ್ವರಗಳಷ್ಟು ಕೆಳಗಿಳಿದು ಷಡ್ಜ ಒಂದು ಮನೆಗೆ ಬಂದು ನಿಲ್ಲುತ್ತದೆ. ಎರಡು ನಿಮಿಷದ ನುಡಿತ ಮೂರು ನಿಮಿಷವಾಗಿ, ಹಾಡಿನ ಉದ್ದಕ್ಕೆ ಸರಿಹೊಂದುತ್ತದೆ. ಮೂಲದಲ್ಲಿ ತಂಬೂರಿಯನ್ನು ಹೀಗೆ ನಿಧಾನಿಸಿಲ್ಲ, ನಿಜ. ಆದರೆ ಟೇಪಿನ ವೇಗವನ್ನು ಬದಲಿಸಿ ವಾದ್ಯದ ಮೈಯನ್ನೇ ಬದಲಿಸುವ ಉಪಾಯವನ್ನು ಆ ಸ್ಟುಡಿಯೋದವರು ಅದೇ ಆಲ್ಬಮ್ಮಿನಲ್ಲಿ ಮತ್ತೆ ಮತ್ತೆ ಬಳಸಿದ್ದಾರೆ, ಆದ್ದರಿಂದ ಇದು ಆ ಕಾಲಕ್ಕೆ ಹೊರತಾದ ಕ್ರಮವಲ್ಲ.

ಇನ್ನು ಡ್ರಮ್. ಈ ಧ್ವನಿಮುದ್ರಣದ ಅರ್ಧ ಬಲ ಅಲ್ಲೇ ಇದೆ. ಎಮೆರಿಕ್ ಅಲ್ಲಿ ಮೂರು ಕೆಲಸ ಮಾಡಿದರು: ಕಿಕ್ ಡ್ರಮ್ಮಿನೊಳಗೆ ಉಣ್ಣೆಯ ಸ್ವೆಟರನ್ನು ತುರುಕಿ ಅದರ ಮೊಳಗನ್ನು ಕತ್ತರಿಸಿದರು, ಸಂಸ್ಥೆಯ ನಿಯಮ ಒಪ್ಪದಷ್ಟು ಹತ್ತಿರಕ್ಕೆ ಮೈಕನ್ನು ತಂದರು, ಆ ಸದ್ದನ್ನು ಫೇರ್‌ಚೈಲ್ಡ್ 660 ಎಂಬ ವಾಲ್ವ್ ಲಿಮಿಟರಿನ (ಸದ್ದು ಒಂದು ಮಿತಿ ಮೀರದಂತೆ ಹಿಡಿಯುವ ಯಂತ್ರ) ಮೂಲಕ ಬಲವಾಗಿ ಹಿಂಡಿದರು. ನಿಮ್ಮಲ್ಲಿ ಎರಡೇ ಮೈಕ್‌ಗಳಿರುವುದು ಇಲ್ಲಿ ಅನುಕೂಲವೇ. ಡೈನಾಮಿಕ್ ಮೈಕನ್ನು ಕಿಕ್ ಡ್ರಮ್ಮಿನ ಚರ್ಮಕ್ಕೆ ನಾಲ್ಕು ಬೆರಳು ದೂರದಲ್ಲಿಡಿ, ಕಂಡೆನ್ಸರ್ ಮೈಕನ್ನು ನುಡಿಸುವವರ ತಲೆಗಿಂತ ಸ್ವಲ್ಪ ಮೇಲೆ, ಸ್ನೇರ್ ಮತ್ತು ಟಾಮ್‌ಗಳ ನಡುವಿನತ್ತ ಮುಖ ಮಾಡಿಸಿ. ಟಾಮ್‌ಗಳ ಚರ್ಮವನ್ನು ಸಡಿಲಿಸಿ, ಸದ್ದು ‘ಧಡ್’ ಎಂದು ಬಿದ್ದು ಅಲ್ಲೇ ನಿಲ್ಲುವ ಹಾಗಾಗಲಿ. ಎರಡನ್ನೂ ಸೇರಿಸಿ ಒಂದೇ ಮೊನೋ ಟ್ರ್ಯಾಕ್ ಮಾಡಿ, ಅದರ ಮೇಲೆ ಒಂದೇ ಕಂಪ್ರೆಸರ್ ಇಡಿ. ಅನುಪಾತ (ರೇಶಿಯೋ) ಗರಿಷ್ಠಕ್ಕೆ, ಹಿಡಿಯುವ ವೇಗ (ಅಟ್ಯಾಕ್) ಸಾಧ್ಯವಾದಷ್ಟು ಚುರುಕಿಗೆ, ಬಿಡುವ ಕಾಲ (ರಿಲೀಸ್) 300 ಮಿಲಿಸೆಕೆಂಡಿಗೆ ಇರಲಿ. ಸೂಚಿಯ ಮುಳ್ಳು ಪ್ರತಿ ಹೊಡೆತಕ್ಕೂ 10ರಿಂದ 15 ಡೆಸಿಬಲ್ ಇಳಿಯುವಂತೆ ಮಿತಿಯನ್ನು (ಥ್ರೆಶೋಲ್ಡ್) ಕೆಳಗೆ ತನ್ನಿ.

300 ಮಿಲಿಸೆಕೆಂಡ್ ಏಕೆಂದರೆ, ಈ ಹಾಡಿನ ನಡೆ ನಿಮಿಷಕ್ಕೆ ಸುಮಾರು 126 ಹೊಡೆತಗಳದ್ದು. ಅಂದರೆ ಒಂದು ಹೊಡೆತದಿಂದ ಮುಂದಿನದಕ್ಕೆ ಇರುವ ಅಂತರ ಸುಮಾರು 476 ಮಿಲಿಸೆಕೆಂಡ್, ಅರ್ಧ ಹೊಡೆತಕ್ಕೆ 238. ಲಿಮಿಟರ್ ಹಿಡಿತ ಸಡಿಲಿಸಲು 300 ತೆಗೆದುಕೊಂಡರೆ, ಪೂರ್ಣ ಹೊಡೆತಗಳ ನಡುವೆ ಅದು ಉಸಿರು ಬಿಡುತ್ತದೆ, ಆಗ ಸಿಂಬಲ್‌ನ ಸದ್ದು ಹಿಂದಿನಿಂದ ಉಕ್ಕಿ ಬರುತ್ತದೆ. ಆದರೆ ತಂಡದ ಡ್ರಮ್ ವಾದಕ ರಿಂಗೋ ಸ್ಟಾರ್ ಅವರ ನಡೆಯಲ್ಲಿ ಒತ್ತಾಗಿ ಬೀಳುವ ಪೆಟ್ಟುಗಳು ಬಂದಾಗ ಹಿಡಿತ ಇನ್ನೂ ಬಿಟ್ಟಿರುವುದಿಲ್ಲ, ಆದ್ದರಿಂದ ಆ ಪೆಟ್ಟು ಕುಗ್ಗಿ ಒಳಕ್ಕೆ ಎಳೆದಂತೆ ಕೇಳುತ್ತದೆ. ಆ ಏರಿಳಿತವೇ ಡ್ರಮ್ ಉಸಿರಾಡುತ್ತಿದೆ ಎಂಬ ಭಾವನೆ ತರುವುದು. ನೀವು ನಡೆಯನ್ನು ಬದಲಿಸಿದರೆ ಬಿಡುವ ಕಾಲವನ್ನೂ ಅದಕ್ಕೆ ತಕ್ಕಂತೆ ಬದಲಿಸಿ. ಡ್ರಮ್ಮಿನ ಪೆಟ್ಟುಗಳನ್ನು ಕಂಪ್ಯೂಟರಿನಲ್ಲಿ ಗೆರೆ ಹಾಕಿ ತಾಳಕ್ಕೆ ಸರಿಗಟ್ಟುವ ಅಭ್ಯಾಸವಿದ್ದರೆ ಈ ಹಾಡಿನ ಮಟ್ಟಿಗೆ ಅದನ್ನು ಪೂರ್ತಿ ಬಿಟ್ಟುಬಿಡಿ. ಮೂಲದ ತಳಹದಿ ಮೂರನೆಯ ಪ್ರಯತ್ನದಲ್ಲಿ ಕುಳಿತದ್ದು. ನೀವೂ ಹಾಡಿನ ಉದ್ದಕ್ಕೂ ಒಂದೇ ಸಲ ನುಡಿಸಿ, ಸರಿಬರದಿದ್ದರೆ ಮೊದಲಿನಿಂದ ನುಡಿಸಿ. ಬೇಸ್ ಗಿಟಾರ್ ಷಡ್ಜವನ್ನು ಬಿಟ್ಟು ಅಲೆಯುವುದೇ ಇಲ್ಲವೆನ್ನಬಹುದಾದ್ದರಿಂದ ಅದನ್ನು ಡ್ರಮ್ಮಿನ ಜೊತೆಗೇ ಮುದ್ರಿಸುವುದು ಒಳ್ಳೆಯದು.

ಮೈಸೂರಿನವರಾದ ನಿಮಗೆ ಒಂದು ಮಾತು. ಈ ಇಎಂಐ ಸಂಸ್ಥೆಗೂ ನಮ್ಮ ಊರಿಗೂ ಹಳೆಯ ನಂಟಿದೆ. ರಷ್ಯನ್ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳು 1940ರ ದಶಕದ ಕೊನೆಯಲ್ಲಿ ಆ ಸಂಸ್ಥೆಯ ಎಚ್‌ಎಂವಿ ಮುದ್ರೆಯಲ್ಲಿ ಹೊರಬರಲು ಹಣ ಒದಗಿಸಿದವರು ಜಯಚಾಮರಾಜ ಒಡೆಯರು. ಲಂಡನ್ನಿನ ಫಿಲ್‌ಹಾರ್ಮೋನಿಯ ಕಛೇರಿ ಸಂಘಕ್ಕೆ ಮೊದಲ ಅಧ್ಯಕ್ಷರಾಗಿದ್ದವರೂ ಅವರೇ. ಬೀಟಲ್ಸ್ ತಂಡ ಆ ಸ್ಟುಡಿಯೋಕ್ಕೆ ಕಾಲಿಡುವುದಕ್ಕೆ ಎಷ್ಟೋ ವರ್ಷ ಮೊದಲೇ ಅರಮನೆಯ ಹಣ ಆ ಸಂಸ್ಥೆಯ ತಟ್ಟೆಗಳ ಮೇಲೆ ಸುತ್ತಿತ್ತು.

ಪ್ರಶ್ನೆ: ಇದೇ ಹಾಡಿನಲ್ಲಿ ಹಕ್ಕಿಗಳ ಕೂಗಿನಂಥ ಸದ್ದುಗಳು ಬಂದು ಹೋಗುತ್ತವೆ. ಅವು ಟೇಪ್ ಲೂಪ್‌ಗಳೆಂದು, ಅಂದರೆ ತುದಿಗೆ ತುದಿ ಅಂಟಿಸಿ ಸುತ್ತಲು ಬಿಟ್ಟ ಟೇಪಿನ ತುಣುಕುಗಳೆಂದು ಓದಿದ್ದೇನೆ. ನಮ್ಮ ತಾತನವರ ಸ್ಪೂಲ್ ಟೇಪ್ ರೆಕಾರ್ಡರ್ ಅಟ್ಟದ ಮೇಲಿದೆ, ಮೋಟಾರು ತಿರುಗುತ್ತದೆ. ಜೊತೆಗೆ ಏಳೆಂಟು ಸ್ಪೂಲ್‌ಗಳೂ ಇವೆ. ಅದರಲ್ಲೇ ಲೂಪ್ ಮಾಡಬಹುದೇ, ಅಥವಾ ಕಂಪ್ಯೂಟರಿನಲ್ಲಿ ಮಾಡುವುದೇ ಲೇಸೇ?
— ಓದುಗರು, ಮಂಡ್ಯ

ಉತ್ತರ: ಮೊದಲು ಕತ್ತರಿಯನ್ನು ಕೆಳಗಿಡಿ. ತಾತನವರ ಸ್ಪೂಲ್‌ಗಳಲ್ಲಿ ಏನಿದೆ ಎಂಬುದನ್ನು ನೀವು ಬರೆದಿಲ್ಲ. ಮಂಡ್ಯದ ಕಡೆ ಅಂಥ ಪೆಟ್ಟಿಗೆಗಳಲ್ಲಿ ಹರಿಕಥೆ, ಸೋಬಾನೆ ಪದ, ಮನೆಯವರ ಮಾತುಕತೆ ಉಳಿದಿರುವ ಸಾಧ್ಯತೆ ಇದ್ದೇ ಇದೆ, ಮತ್ತು ಅದರ ಬೇರೆ ಪ್ರತಿ ಎಲ್ಲಿಯೂ ಇರುವುದಿಲ್ಲ. ಯಂತ್ರದಲ್ಲಿ ಟೇಪ್ ತಾಗಿಕೊಂಡು ಓಡುವ ಹೆಡ್‌ಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರಸಿ, ಒಂದೊಂದೇ ಸ್ಪೂಲನ್ನು ಓಡಿಸಿ, ಕಂಪ್ಯೂಟರಿಗೆ ಮುದ್ರಿಸಿಕೊಳ್ಳಿ. ಟೇಪ್ ಅಂಟಂಟಾಗಿ ಕಿರುಗುಟ್ಟಿದರೆ ಅಥವಾ ಬಿಳಿ ಬೂಷ್ಟು ಕಂಡರೆ ಕೂಡಲೇ ನಿಲ್ಲಿಸಿ, ಹಳೆಯ ಟೇಪ್ ಬಲ್ಲವರ ಕೈಗೆ ಕೊಡಿ. ಖಾಲಿ ಎಂದು ಖಚಿತವಾದ ಸ್ಪೂಲ್ ಮಾತ್ರ ನಿಮ್ಮ ಪ್ರಯೋಗಕ್ಕೆ.

ಈಗ ಮೂಲದ ವಿಷಯ. ತಂಡದ ಪಾಲ್ ಮೆಕಾರ್ಟ್ನಿ ಮನೆಯಲ್ಲಿ ಬ್ರೆನೆಲ್ ಎಂಬ ಟೇಪ್ ಯಂತ್ರವನ್ನು ಇಟ್ಟುಕೊಂಡಿದ್ದರು. ಸಾಮಾನ್ಯವಾಗಿ ಟೇಪ್ ಮುದ್ರಣದ ಹೆಡ್‌ಗೆ ತಲುಪುವ ಮುನ್ನ ಅಳಿಸುವ ಹೆಡ್ ಅದನ್ನು ಖಾಲಿ ಮಾಡುತ್ತದೆ. ಆ ಅಳಿಸುವ ಹೆಡ್ಡನ್ನು ನಿಷ್ಕ್ರಿಯಗೊಳಿಸಿದರೆ, ತುದಿಗೆ ತುದಿ ಅಂಟಿಸಿದ ಟೇಪಿನ ಬಳೆ ಸುತ್ತುತ್ತಿದ್ದಂತೆ ಹೊಸ ಸದ್ದು ಹಳೆಯದರ ಮೇಲೆ ಪದರ ಪದರವಾಗಿ ಕೂರುತ್ತ, ಕೊನೆಗೆ ಟೇಪ್ ಇನ್ನು ಹೀರಲಾರದಷ್ಟು ತುಂಬಿಹೋಗುತ್ತದೆ. ಒಡೆದಂತೆ, ಸುಟ್ಟಂತೆ ಕೇಳುವ ಆ ಅಂಚು ಅಲ್ಲಿಂದ ಬಂದದ್ದು. ಹಕ್ಕಿಯ ಕೂಗೆಂದು ನೀವು ಕೇಳುತ್ತಿರುವುದು ಮೆಕಾರ್ಟ್ನಿಯವರ ನಗು, ವೇಗ ಹೆಚ್ಚಿಸಿದ್ದು. ಉಳಿದವುಗಳಲ್ಲಿ ವಾದ್ಯಮೇಳವೊಂದರ ಒಂದೇ ಸ್ವರಮೇಳ, ಮೆಲ್ಲೊಟ್ರಾನ್ ಎಂಬ ಕೀಲಿಮಣೆ ವಾದ್ಯದ ಕೊಳಲು ಹಾಗೂ ತಂತಿವಾದ್ಯದ ದನಿಗಳು, ಸಿತಾರಿನಂತೆ ಕೇಳುವ ಏರುನಡೆಯ ತುಣುಕು ಇವೆ. ಏಪ್ರಿಲ್ 7ರಂದು ಐದು ಲೂಪ್‌ಗಳನ್ನು ಕಟ್ಟಡದ ಬೇರೆ ಬೇರೆ ಯಂತ್ರಗಳ ಮೇಲೆ ಏಕಕಾಲಕ್ಕೆ ಓಡಿಸಿದರು. ಟೇಪ್ ಸಡಿಲವಾಗದಂತೆ ತಂತ್ರಜ್ಞರು ಪೆನ್ಸಿಲ್ ಹಿಡಿದು ನಿಂತರು. ಒಂದೊಂದು ಯಂತ್ರದ ಸದ್ದನ್ನು ಮಿಕ್ಸರಿನ ಒಂದೊಂದು ಫೇಡರಿಗೆ ತಂದು, ಹಾಡು ಓಡುತ್ತಿದ್ದಂತೆ ಕೈಯಿಂದಲೇ ಏರಿಸಿ ಇಳಿಸಿ, ಆ ಮಿಶ್ರಣವನ್ನು ನೇರವಾಗಿ ಟೇಪಿಗೆ ಸೇರಿಸಿದರು. ಅಂದರೆ ಲೂಪ್‌ಗಳ ಈ ಭಾಗವನ್ನು ಅವರು ವಾದ್ಯದಂತೆ ನುಡಿಸಿದ್ದಾರೆ. ಬೇರೆ ಯಾವುದೇ ದಿನ ಮಾಡಿದ್ದರೂ ಅದು ಬೇರೆ ಥರವೇ ಬರುತ್ತಿತ್ತು. ಮರುಸೃಷ್ಟಿ ಮಾಡುವವರು ಹೆಚ್ಚಾಗಿ ಎಡವುವುದು ಇಲ್ಲೇ. ಯಾವ ಸೆಕೆಂಡಿಗೆ ಯಾವ ಸದ್ದು ಎಂದು ಪಟ್ಟಿ ಮಾಡಿ, ಕಂಪ್ಯೂಟರಿನ ಪರದೆಯ ಮೇಲೆ ತುಣುಕುಗಳನ್ನು ಇಟ್ಟಿಗೆಯಂತೆ ಜೋಡಿಸುತ್ತಾರೆ. ಜಾಗ ಸರಿಯಾಗಿರುತ್ತದೆ, ಒಳಗೆ ಬರುವ ರೀತಿ ಸತ್ತಿರುತ್ತದೆ.

ನಿಮ್ಮ ಯಂತ್ರದಲ್ಲಿ ಲೂಪ್ ಮಾಡುವುದಾದರೆ ಲೆಕ್ಕ ಸುಲಭ. ಸೆಕೆಂಡಿಗೆ 19 ಸೆಂಟಿಮೀಟರ್ ವೇಗದಲ್ಲಿ ಐದು ಸೆಕೆಂಡಿನ ಲೂಪಿಗೆ 95 ಸೆಂಟಿಮೀಟರ್ ಟೇಪ್ ಬೇಕು, ಅರ್ಧ ವೇಗಕ್ಕೆ ಅದರ ಅರ್ಧ. ತುದಿಗಳನ್ನು ಓರೆಯಾಗಿ, 45 ಡಿಗ್ರಿಯಲ್ಲಿ ಕತ್ತರಿಸಿ. ನೇರವಾಗಿ ಕತ್ತರಿಸಿದರೆ ಪ್ರತಿ ಸುತ್ತಿಗೂ ‘ಟಕ್’ ಎನ್ನುತ್ತದೆ. ಜೋಡಿಸಲು ಟೇಪ್ ಜೋಡಣೆಗೆಂದೇ ಮಾಡಿದ ಪಟ್ಟಿಯನ್ನು ತರಿಸಿಕೊಳ್ಳಿ. ಅಂಗಡಿಯ ಸೆಲ್ಲೋಟೇಪಿನ ಅಂಟು ಬಿಸಿಲಿಗೆ ಜಾರಿ ಹೆಡ್‌ಗೆ ಮೆತ್ತಿಕೊಳ್ಳುತ್ತದೆ, ನಮ್ಮ ಏಪ್ರಿಲ್ ಬಿಸಿಲಿನಲ್ಲಂತೂ ಖಂಡಿತ. ಅಳಿಸುವ ಹೆಡ್ಡಿನ ತಂತಿ ಕೀಳುವ ಸಾಹಸ ಬೇಡ. ತೆಳುವಾದ ರಟ್ಟಿನ ಚೂರನ್ನು ಆ ಹೆಡ್ ಮತ್ತು ಟೇಪಿನ ನಡುವೆ ಸಿಕ್ಕಿಸಿದರೂ ಅದು ಟೇಪನ್ನು ಮುಟ್ಟಲಾರದು, ಕೆಲಸವಾದ ಮೇಲೆ ತೆಗೆದುಬಿಡಬಹುದು.

ಏನನ್ನು ಮುದ್ರಿಸಬೇಕು? ನಗುವಿಗೆ ಮನೆಯ ಯಾರಾದರೂ ಸಾಕು. ಅರ್ಧ ವೇಗದಲ್ಲಿ ಮುದ್ರಿಸಿ ಪೂರ್ಣ ವೇಗದಲ್ಲಿ ಓಡಿಸಿದರೆ ಒಂದು ಸ್ಥಾಯಿ ಮೇಲೇರುತ್ತದೆ. ವಾದ್ಯಮೇಳದ ಸ್ವರಮೇಳಕ್ಕೆ ಹಾರ್ಮೋನಿಯಂ ಒಳ್ಳೆಯ ಬದಲಿ: ಕೈಶಿಕಿ ನಿಷಾದವನ್ನು ತಳವಾಗಿ ಇಟ್ಟುಕೊಂಡು ಅದರ ಮೇಲೆ ರಿಷಭ, ಮಧ್ಯಮಗಳನ್ನು ಒಟ್ಟಿಗೆ ಒತ್ತಿ ಹಿಡಿದರೆ ಬೇಕಾದ ಸ್ವರಮೇಳವೇ ಸಿಗುತ್ತದೆ. ಸಿತಾರಿನಂಥ ತುಣುಕಿಗೆ ವೀಣೆಯ ಚುರುಕಾದ ಆರೋಹಣವೊಂದನ್ನು ಮುದ್ರಿಸಿ ವೇಗ ಹೆಚ್ಚಿಸಿ. ಮೂಲದ ಸದ್ದು ಅದಲ್ಲ ಎಂದು ಹಟ ಹಿಡಿಯುವವರು ಇರುತ್ತಾರೆ. ಮೂಲದವರೂ ಕೈಗೆ ಸಿಕ್ಕಿದ್ದನ್ನು ಟೇಪಿಗೆ ಹಾಕಿ ವಿರೂಪಗೊಳಿಸಿದವರೇ ಆದ್ದರಿಂದ ನನಗೆ ಈ ಆಕ್ಷೇಪಣೆಯಲ್ಲಿ ಹುರುಳು ಕಾಣುವುದಿಲ್ಲ.

ಕಂಪ್ಯೂಟರಿನಲ್ಲಿ ಮಾಡುವುದಾದರೆ ಒಂದೇ ಎಚ್ಚರಿಕೆ: ವೇಗ ಬದಲಿಸಿದರೂ ಶ್ರುತಿ ಉಳಿಸುವ ಸೌಲಭ್ಯವನ್ನು ಆಫ್ ಮಾಡಿ, ಏಕೆಂದರೆ ವೇಗದ ಜೊತೆ ಶ್ರುತಿಯೂ ಏರಬೇಕು. ಐದು ಲೂಪ್‌ಗಳನ್ನೂ ಐದು ಟ್ರ್ಯಾಕ್‌ಗಳಲ್ಲಿ ಹಾಡಿನ ಉದ್ದಕ್ಕೂ ನಿಲ್ಲದೆ ಸುತ್ತಲು ಬಿಟ್ಟು, ಉದ್ದಗಳು ಒಂದಕ್ಕೊಂದು ತಾಳೆಯಾಗದ ಹಾಗೆ ನೋಡಿಕೊಂಡು, ಫೇಡರ್‌ಗಳಿರುವ ಸಣ್ಣ ಕಂಟ್ರೋಲರ್ ಒಂದನ್ನು ಇಬ್ಬರು ಮೂವರು ಕೂಡಿ ನುಡಿಸಿ. ಹಾಗೆ ಬಂದ ಫಲಿತವನ್ನು ಒಂದು ಟ್ರ್ಯಾಕಾಗಿ ಮುದ್ರಿಸಿದ ಮೇಲೆ ಐದನ್ನೂ ಮುಚ್ಚಿಬಿಡಿ.

ಪ್ರಶ್ನೆ: ನಾನು ಕರ್ನಾಟಕ ಸಂಗೀತ ಕಲಿಯುತ್ತಿರುವ ಗಾಯಕ. ಈ ಹಾಡಿಗೆ ದನಿ ಕೊಡಲು ಗೆಳೆಯರು ಕೇಳಿದ್ದಾರೆ. ಹಾಡಿನ ಎರಡನೆಯ ಅರ್ಧದಲ್ಲಿ, ಇದನ್ನು ಹಾಡಿದ ಬೀಟಲ್ಸ್‌ನ ಜಾನ್ ಲೆನ್ನನ್ ಅವರ ದನಿ ದೂರದಿಂದ ಸುತ್ತಿ ಬಂದಂತೆ ಕೇಳುತ್ತದೆ. ಅದನ್ನು ಮನೆಯಲ್ಲಿ ಸಾಧಿಸುವುದು ಹೇಗೆ?
— ಓದುಗರು, ಜಯಲಕ್ಷ್ಮೀಪುರಂ, ಮೈಸೂರು

ಉತ್ತರ: ಹಾಡುವ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಸ್ವರಗಳ ಚೌಕಟ್ಟು ಹರಿಕಾಂಭೋಜಿಗೆ ಹತ್ತಿರವಿರುವುದರಿಂದ ನಿಮ್ಮ ಕಂಠ ತಾನಾಗಿಯೇ ಗಮಕಕ್ಕೆ ಜಾರಲು ನೋಡುತ್ತದೆ. ಅದನ್ನು ತಡೆಯಿರಿ. ಲೆನ್ನನ್ ಸ್ವರದಿಂದ ಸ್ವರಕ್ಕೆ ನೇರವಾಗಿ, ಓದುತ್ತಿರುವವರಂತೆ ಹೋಗುತ್ತಾರೆ. ನೀವು ಗಾಂಧಾರವನ್ನು ಸ್ವಲ್ಪ ತೂಗಿದರೂ ಹಾಡು ಬೇರೆಯೇ ಆಗಿಬಿಡುತ್ತದೆ.

ಲೆನ್ನನ್ ತಮ್ಮ ದನಿ ದಲಾಯಿ ಲಾಮಾ ಬೆಟ್ಟದ ತುದಿಯಿಂದ ಮಂತ್ರ ಹೇಳುತ್ತಿರುವಂತೆ ಕೇಳಬೇಕೆಂದು ಬಯಸಿದ್ದರು. ಮೈಸೂರಿನವರಿಗೆ ಬೈಲುಕುಪ್ಪೆ ದೂರವಲ್ಲ, ಟಿಬೆಟ್ಟಿನ ಭಿಕ್ಷುಗಳ ಮಂತ್ರಪಠಣವನ್ನು ಅಲ್ಲಿ ಕಿವಿಯಾರೆ ಕೇಳಬಹುದು. ಆದರೆ ಕೇಳಿ ಬಂದು ಅದನ್ನೇ ಅನುಕರಿಸಿದರೆ ಈ ಹಾಡಿನಿಂದ ದೂರ ಹೋಗುತ್ತೀರಿ. ಅಲ್ಲಿನ ದನಿ ಎದೆಯಾಳದ ಮಂದ್ರದ್ದು, ಲೆನ್ನನ್ ಅವರದು ಮೂಗಿನಂಚಿನ ಹರಿತವಾದದ್ದು. ಲೆನ್ನನ್ ಬಯಸಿದ್ದನ್ನು ಮರೆತು, ಎಂಜಿನಿಯರ್‌ಗಳು ಕೊಟ್ಟದ್ದನ್ನು ಹಿಂಬಾಲಿಸಿ.

ಅವರು ಕೊಟ್ಟದ್ದು ಎರಡು ಬೇರೆ ಬೇರೆ ಚಿಕಿತ್ಸೆ. ಮೊದಲ ಅರ್ಧದಲ್ಲಿ ಇರುವುದು ಕೃತಕ ಜೋಡಿ ದನಿ. ಒಂದೇ ಸಾಲನ್ನು ಎರಡು ಸಲ ಹಾಡಿ ಒಂದರ ಮೇಲೊಂದು ಇಡುವ ಕೆಲಸ ಲೆನ್ನನ್ ಅವರಿಗೆ ಬೇಸರ ತರುತ್ತಿತ್ತು. ಸ್ಟುಡಿಯೋದ ತಂತ್ರಜ್ಞ ಕೆನ್ ಟೌನ್‌ಸೆಂಡ್ ಆ ವರ್ಷವೇ ಇದಕ್ಕೆ ಉಪಾಯ ಕಂಡುಹಿಡಿದರು: ಮುದ್ರಿತ ದನಿಯನ್ನು ಎರಡನೆಯ ಟೇಪ್ ಯಂತ್ರಕ್ಕೆ ಕಳುಹಿಸಿ, ಅದರ ವೇಗವನ್ನು ಸ್ವಲ್ಪ ಸ್ವಲ್ಪವೇ ಅಲುಗಿಸುತ್ತ, ಕ್ಷಣದ ಒಂದು ಚೂರಿನಷ್ಟು ಸರಿದು ಬರುವ ಪ್ರತಿಯನ್ನು ಮೂಲದ ಜೊತೆ ಬೆರೆಸುವುದು. ನೀವು ದನಿಯ ಟ್ರ್ಯಾಕಿಗೆ ಒಂದು ಪ್ರತಿ ಮಾಡಿ, 30 ಮಿಲಿಸೆಕೆಂಡ್ ಹಿಂದಕ್ಕೆ ಸರಿಸಿ. 48 ಕಿಲೋಹರ್ಟ್ಸ್‌ನಲ್ಲಿ ಮುದ್ರಿಸಿದ್ದರೆ ಅದು 1440 ಸ್ಯಾಂಪಲ್. ಅಷ್ಟಕ್ಕೆ ಬಿಟ್ಟರೆ ಕೊಳವೆಯೊಳಗಿನ ದನಿಯಂತೆ ಗಟ್ಟಿಯಾಗಿ ಕೇಳುತ್ತದೆ. ಆ ಅಂತರವನ್ನು 20ರಿಂದ 40 ಮಿಲಿಸೆಕೆಂಡ್‌ಗಳ ನಡುವೆ ಕೈಯಿಂದ, ನಿಯಮವಿಲ್ಲದೆ, ಬಹಳ ನಿಧಾನವಾಗಿ ಅಲುಗಿಸುತ್ತಿದ್ದರೆ ಎರಡನೆಯ ದನಿಗೆ ಜೀವ ಬರುತ್ತದೆ.

ಎರಡನೆಯ ಅರ್ಧದಲ್ಲಿ, ಅಂದರೆ ಟೇಪನ್ನು ಹಿಂದುಮುಂದಾಗಿ ಓಡಿಸಿದ ಗಿಟಾರ್ ಭಾಗ ಮುಗಿದ ಮೇಲೆ, ದನಿಯನ್ನು ಹ್ಯಾಮಂಡ್ ಆರ್ಗನ್ನಿನ ಲೆಸ್ಲಿ ಎಂಬ ಸ್ಪೀಕರ್ ಪೆಟ್ಟಿಗೆಯೊಳಕ್ಕೆ ಕಳುಹಿಸಿ, ಅಲ್ಲಿಂದ ಹೊರಬಂದದ್ದನ್ನು ಮತ್ತೆ ಮೈಕಿನಿಂದ ಹಿಡಿದರು. ಆ ಪೆಟ್ಟಿಗೆಯಲ್ಲಿ ಮೇಲಿನ ಸ್ವರಗಳಿಗೊಂದು ಕಹಳೆ, ಕೆಳಗಿನ ಸ್ವರಗಳಿಗೊಂದು ಪೀಪಾಯಿ ತಿರುಗುತ್ತಿರುತ್ತವೆ. ಸದ್ದಿನ ಬಾಯಿ ನಮ್ಮತ್ತ ಬರುವಾಗ ಶ್ರುತಿ ತುಸು ಏರಿ, ದೂರ ಸರಿಯುವಾಗ ಇಳಿಯುತ್ತದೆ, ಜೊತೆಗೆ ಗಟ್ಟಿ ಮೆಲುಗಳೂ ಬದಲಾಗುತ್ತವೆ. ರೈಲಿನ ಶಿಳ್ಳೆ ನಮ್ಮನ್ನು ದಾಟುವಾಗ ಆಗುವ ಡಾಪ್ಲರ್ ಪರಿಣಾಮವೇ ಇದು. ತಮ್ಮನ್ನು ಹಗ್ಗಕ್ಕೆ ಕಟ್ಟಿ ಮೈಕಿನ ಸುತ್ತ ತಿರುಗಿಸಬಹುದಲ್ಲ ಎಂದು ಲೆನ್ನನ್ ಕೇಳಿದ್ದರೆಂಬ ಕಥೆ ಪ್ರಸಿದ್ಧ. ನೀವು ಗಾಯಕರ ಬದಲು ಸ್ಪೀಕರನ್ನು ಕಟ್ಟಿ. ಅಂಗೈಯಗಲದ ಬ್ಲೂಟೂತ್ ಸ್ಪೀಕರನ್ನು ಗಟ್ಟಿ ಹುರಿಯಿಂದ ತೊಟ್ಟಿಲ ಕೊಂಡಿಗೆ ತೂಗುಹಾಕಿ, ಹುರಿಯನ್ನು ಚೆನ್ನಾಗಿ ತಿರುಚಿ ಬಿಟ್ಟು, ನಿಮ್ಮ ದನಿಯನ್ನು ಅದರಿಂದ ಹೊರಡಿಸಿ, ಎರಡಡಿ ದೂರದಿಂದ ಮುದ್ರಿಸಿಕೊಳ್ಳಿ. ಹುರಿ ಬಿಚ್ಚಿಕೊಳ್ಳುವಾಗ ವೇಗ ಏರಿ, ಆಮೇಲೆ ಇಳಿಯುವುದರಿಂದ ಒಂದೊಂದು ಸಾಲಿಗೆ ಒಂದೊಂದು ಸಲ ತಿರುಚಬೇಕಾದೀತು. ಬ್ಲೂಟೂತ್ ದನಿ ತಡವಾಗಿ ಬರುತ್ತದೆ, ಮುದ್ರಿಸಿದ ಮೇಲೆ ಅಷ್ಟನ್ನು ಮುಂದಕ್ಕೆ ಎಳೆದುಕೊಂಡರಾಯಿತು. ಮೇಜಿನ ಫ್ಯಾನಿನ ಹಿಂದೆ ಸ್ಪೀಕರ್ ಇಡುವ ಸಲಹೆ ಹಲವರು ಕೊಡುತ್ತಾರೆ; ಅದು ದನಿಯನ್ನು ಕತ್ತರಿಸುತ್ತದೆಯೇ ಹೊರತು ಸುತ್ತಿಸುವುದಿಲ್ಲ, ಗಾಳಿಯ ಸದ್ದೂ ಮೈಕಿಗೆ ಬೀಳುತ್ತದೆ. ಇಷ್ಟಕ್ಕೆಲ್ಲ ತಾಳ್ಮೆಯಿಲ್ಲದಿದ್ದರೆ ಲೆಸ್ಲಿ ಪ್ಲಗ್‌ಇನ್ ಬಳಸಿ, ಅದರಲ್ಲಿ ಪಾಪವೇನಿಲ್ಲ.

ಪ್ರಶ್ನೆ: ಮುದ್ರಣದಲ್ಲಿ ಸದಾ ‘ಗುಂಯ್’ ಎಂಬ ಸದ್ದು ಬರುತ್ತದೆ. ಹೊರಗೆ ಕಬ್ಬಿನ ಟ್ರ್ಯಾಕ್ಟರ್‌ಗಳ ಗದ್ದಲ ಬೇರೆ. ಏನು ಮಾಡುವುದು?
— ಓದುಗರು, ಮಂಡ್ಯ

ಉತ್ತರ: ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ಆ ಗುಂಯ್ ಸದ್ದು 50ರಲ್ಲೂ ಅದರ ಗುಣಕಗಳಾದ 100, 150ರಲ್ಲೂ ಕೂರುತ್ತದೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಓಡಿಸಿ ನೋಡಿ, ಸದ್ದು ಹೋದರೆ ಕಾರಣ ತಿಳಿಯಿತು. ಹೋಗದಿದ್ದರೆ ಗೋಡೆಯ ಸಾಕೆಟ್ಟಿಗೆ ಅರ್ತ್ ಸರಿಯಾಗಿ ಬಂದಿದೆಯೇ ಎಂದು ಎಲೆಕ್ಟ್ರಿಷಿಯನ್ ಒಬ್ಬರಿಂದ ಪರೀಕ್ಷೆ ಮಾಡಿಸಿ. ಅರ್ತ್ ಪಿನ್ನನ್ನು ಮುರಿದು ಸದ್ದು ನಿಲ್ಲಿಸುವ ಉಪಾಯ ಪ್ರಾಣಕ್ಕೆ ಅಪಾಯ. ಕರೆಂಟ್ ಹೋಗಿ ಇನ್‌ವರ್ಟರ್ ಮೇಲೆ ಓಡುವಾಗ ಮುದ್ರಿಸಬೇಡಿ, ಅಗ್ಗದ ಇನ್‌ವರ್ಟರ್‌ಗಳ ಚೌಕ ಅಲೆ ಇನ್ನಷ್ಟು ಕೆಟ್ಟ ಸದ್ದನ್ನು ತರುತ್ತದೆ. ಟ್ರ್ಯಾಕ್ಟರ್‌ಗಳ ಹೊತ್ತಿನಲ್ಲಿ ಡ್ರಮ್ ಮುದ್ರಿಸಿ, ಬೆಳಗಿನ ಜಾವಕ್ಕೆ ದನಿ ಮತ್ತು ತಂಬೂರಿಯನ್ನು ಇಟ್ಟುಕೊಳ್ಳಿ. ನೆರೆಹೊರೆಯವರ ವಿಷಯದಲ್ಲಿ ಕಾನೂನನ್ನೂ ನೆನಪಿಡಿ: 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ಕಿಟಕಿಗೆ ಕೌದಿ ಕಟ್ಟಿದರೆ ಕೋಣೆಯೊಳಗಿನ ಮಾರ್ದನಿ ಕಡಿಮೆಯಾಗುತ್ತದೆ, ಪಕ್ಕದ ಮನೆಗೆ ಹೋಗುವ ಡ್ರಮ್ಮಿನ ಸದ್ದು ಹೆಚ್ಚು ತಗ್ಗುವುದಿಲ್ಲ.

ಪ್ರಶ್ನೆ: ನನ್ನ ಮಗ ಇಂಥ ಹಾಡುಗಳ ಹಿಂದೆ ಬಿದ್ದಿದ್ದಾನೆ. ಸೈಕೆಡೆಲಿಕ್ ಎಂದರೆ ಮಾದಕ ವಸ್ತುಗಳಿಗೆ ಸಂಬಂಧಿಸಿದ್ದೆಂದು ಕೇಳಿ ನನಗೆ ಆತಂಕವಾಗಿದೆ. ಆತನನ್ನು ತಡೆಯಬೇಕೇ?
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಸಂಬಂಧ ಇದ್ದದ್ದು ನಿಜ, ಮುಚ್ಚಿಡುವುದಕ್ಕೇನಿಲ್ಲ. ಈ ಹಾಡಿನ ಸಾಹಿತ್ಯಕ್ಕೆ ಪ್ರೇರಣೆಯಾದದ್ದು ಟಿಮೊತಿ ಲಿಯರಿ, ರಾಲ್ಫ್ ಮೆಟ್ಸ್‌ನರ್, ರಿಚರ್ಡ್ ಆಲ್ಪರ್ಟ್ ಎಂಬುವರು 1964ರಲ್ಲಿ ಪ್ರಕಟಿಸಿದ, ಎಲ್‌ಎಸ್‌ಡಿಯಂಥ ಮಾದಕ ವಸ್ತುಗಳ ಅನುಭವಕ್ಕೆ ಟಿಬೆಟ್ಟಿನ ಮೃತರ ಗ್ರಂಥವನ್ನು ಹೊಂದಿಸಿ ಬರೆದ ಪುಸ್ತಕ. ಆದರೆ ನಿಮ್ಮ ಮಗ ಹಿಂದೆ ಬಿದ್ದಿರುವ ಸದ್ದನ್ನು ಮಾಡಿದವರು ಬಿಳಿ ಕೋಟು ತೊಟ್ಟು ಸಂಸ್ಥೆಯ ಸಂಬಳಕ್ಕೆ ದುಡಿಯುತ್ತಿದ್ದ ತಂತ್ರಜ್ಞರು. ಐದು ಯಂತ್ರಗಳನ್ನು ಒಂದೇ ಹೊತ್ತಿನಲ್ಲಿ ಓಡಿಸುವುದಕ್ಕೂ, ಸೆಕೆಂಡಿನ ಸಾವಿರದ ಪಾಲನ್ನು ಅಳೆಯುವುದಕ್ಕೂ ತಿಳಿಯಾದ ತಲೆ ಬೇಕು. ಮಗನ ಜೊತೆ ಒಮ್ಮೆ ಕುಳಿತು ಅವನು ಏನು ಮುದ್ರಿಸುತ್ತಿದ್ದಾನೆಂದು ಕೇಳಿ. ಮಾದಕ ವಸ್ತುವಿನ ಬಗ್ಗೆ ನಿಮಗಿರುವ ಆತಂಕವನ್ನು ನೇರವಾಗಿ ಅವನೊಂದಿಗೇ ಮಾತಾಡಿ, ಹಾಡನ್ನು ಅದಕ್ಕೆ ನೆಪ ಮಾಡಬೇಡಿ.

ಪ್ರಶ್ನೆ: ಮುಗಿದ ಮೇಲೆ ನಮ್ಮ ಮುದ್ರಣವನ್ನು ಮಾರಬಹುದೇ?
— ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಗೆಳೆಯರು, ಮನೆಯವರು ಕೂತು ಕೇಳುವುದಕ್ಕೆ ಯಾವ ತೊಡಕೂ ಇಲ್ಲ. ಮಾರುವುದಾದರೆ ಎರಡು ಹಕ್ಕುಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಮೊದಲನೆಯದು ಮೂಲ ಧ್ವನಿಮುದ್ರಣದ ಹಕ್ಕು. ನೀವು ಎಲ್ಲವನ್ನೂ ಹೊಸದಾಗಿ ನುಡಿಸಿ, ಮೂಲದ ಒಂದು ತುಣುಕನ್ನೂ ಬೆರೆಸದಿದ್ದರೆ ಅದರ ಗೊಡವೆ ಬರುವುದಿಲ್ಲ. ಹಕ್ಕಿಯ ಸದ್ದು ಸರಿಬರಲಿಲ್ಲವೆಂದು ಅದೊಂದನ್ನು ಮಾತ್ರ ಮೂಲದಿಂದ ಎತ್ತಿಕೊಳ್ಳುವ ಆಸೆ ಬಂದೀತು, ಎತ್ತಿಕೊಳ್ಳಬೇಡಿ. ಎರಡನೆಯದು ಹಾಡಿನ ರಚನೆಯ ಹಕ್ಕು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಅದು ರಚನಕಾರರ ಜೀವಿತಾವಧಿ ಮತ್ತು ಅನಂತರದ 60 ವರ್ಷಗಳವರೆಗೆ ಇರುತ್ತದೆ. ಈ ಹಾಡಿನ ರಚನೆಗೆ ಲೆನ್ನನ್ ಮತ್ತು ಮೆಕಾರ್ಟ್ನಿ ಇಬ್ಬರ ಹೆಸರೂ ಇದೆ, ಲೆನ್ನನ್ ತೀರಿಕೊಂಡದ್ದೇ 1980ರಲ್ಲಿ. ಹಳೆಯ ಹಾಡಿನ ಹೊಸ ಮುದ್ರಣಕ್ಕೆ ಅದೇ ಕಾಯಿದೆಯ 31ಸಿ ವಿಧಿ ಒಂದು ದಾರಿ ಕೊಟ್ಟಿದೆ, ಆದರೆ ಮೊದಲೇ ನೋಟಿಸು ಕೊಟ್ಟು, ಸಾಮಾನ್ಯವಾಗಿ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಧನವನ್ನು ಮುಂಗಡವಾಗಿ ಕಟ್ಟಬೇಕಾಗುತ್ತದೆ. ಮಹಡಿಯ ಕೋಣೆಯ ಮೂವರಿಗೆ ಅದು ಎಟುಕುವ ಬಾಬತ್ತಲ್ಲ. ರಚನೆಯ ಹಕ್ಕು ನೋಡಿಕೊಳ್ಳುವ ಪ್ರಕಾಶಕರಿಗೆ ಬರೆದು ಅನುಮತಿ ಕೇಳಿ, ಅದು ಬರಹದಲ್ಲಿ ಕೈಸೇರುವವರೆಗೆ ಮಾರಾಟಕ್ಕೆ ಇಡಬೇಡಿ.